ಅಕ್ಕಿ ಬಂಡಿ ನಿಂತ ಮೇಲೆ

ಮನೆಬಾಗಿಲಿಗೆ ರೇಶನ್ ಸಾಮಾನು ಒಯ್ಯುತ್ತಿದ್ದ 9,260 ವಾಹನಗಳನ್ನು ಆಂಧ್ರ ಪ್ರದೇಶ ಸರಕಾರವು 2025ರ ಜೂನ್ 1ರಿಂದ ನಿಲ್ಲಿಸಿ, ವಿತರಣೆಯನ್ನು ಹಿಂದಿನಂತೆ ನ್ಯಾಯಬೆಲೆ ಅಂಗಡಿಗಳಿಗೆ ಒಪ್ಪಿಸಿದೆ. 2021ರ ಜನವರಿ 21ರಂದು ವಿಜಯವಾಡದಿಂದ ಹೊರಟ ಈ ಬಂಡಿಗಳು ನಾಲ್ಕು ವರ್ಷ ನಾಲ್ಕು ತಿಂಗಳು ಓಡಿ ನಿಂತವು. ಓಡಿಸಿದ ಸರಕಾರ ಒಂದು ಪಕ್ಷದ್ದು, ನಿಲ್ಲಿಸಿದ ಸರಕಾರ ಇನ್ನೊಂದು ಪಕ್ಷದ್ದು. ಆದುದರಿಂದ ಅಲ್ಲಿಯ ಚರ್ಚೆಯೆಲ್ಲ ಪಕ್ಷಗಳ ಬಣ್ಣದಲ್ಲೇ ನಡೆದುಹೋಯಿತು. ಬಣ್ಣವೆಂಬುದನ್ನು ನಾವು ಬರೇ ಮಾತಿಗೆ ಹೇಳುತ್ತಿಲ್ಲ. 2021ರ ಪಂಚಾಯತು ಚುನಾವಣೆಯ ಸಮಯದಲ್ಲಿ ಈ ವಾಹನಗಳಿಗೆ ಬಳಿದಿದ್ದ ಬಣ್ಣವೇ ರಾಜ್ಯ ಚುನಾವಣಾ ಆಯೋಗದ ಮುಂದೆ ದೊಡ್ಡ ವಿವಾದವಾಗಿತ್ತು.

ಈ ಜಗಳವನ್ನು ಬದಿಗಿಟ್ಟರೆ ಅದರ ಅಡಿಯಲ್ಲಿ ಒಂದು ಗಟ್ಟಿ ಪ್ರಶ್ನೆ ಉಳಿಯುತ್ತದೆ. ಸರಕಾರಿ ಗೋದಾಮಿನಿಂದ ಹೊರಟ ಅಕ್ಕಿ ಬಡವನ ಒಲೆಯ ಮೇಲಿನ ಪಾತ್ರೆಗೆ ಬೀಳುವ ತನಕದ ದಾರಿಯನ್ನು ಹೇಗೆ ಕಟ್ಟಬೇಕು? ಬೊಕ್ಕಸಕ್ಕೆ ಖರ್ಚು ಮಿತಿಯಲ್ಲಿರಬೇಕು, ಜನರಿಗೆ ಅನುಕೂಲವಾಗಬೇಕು, ಆ ಏರ್ಪಾಡು ನಾಲ್ಕು ಕಾಲ ಬಾಳಬೇಕು, ನೆಲಕ್ಕೂ ನೀರಿಗೂ ಹೊರೆಯಾಗಬಾರದು. ಇವೆಲ್ಲವನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. ಎಷ್ಟು ಕಷ್ಟವೆಂಬುದನ್ನು ವಿಜಯವಾಡದಲ್ಲಿ ಕುಳಿತು ಅಳೆಯುವುದಕ್ಕಿಂತ ರಾಯದುರ್ಗ, ಮಡಕಶಿರಾಗಳಂತಹ ಗಡಿ ಸೀಮೆಯಲ್ಲಿ ನಿಂತು ಅಳೆಯುವುದು ಸರಿಯೆಂದು ನಮಗೆ ತೋರುತ್ತದೆ.

ಈ ಎರಡು ಹೆಸರುಗಳು ನಮ್ಮ ವಾಚಕರಿಗೆ ತೀರ ಅಪರಿಚಿತವಲ್ಲ. ರಾಯದುರ್ಗ ತಾಲೂಕು 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿಯ ಏಳು ತಾಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಮೂರು ವರ್ಷಗಳ ಅನಂತರ ಕಾಸರಗೋಡು ತಾಲೂಕಿಗೆ ಆದದ್ದು ಇದಕ್ಕಿಂತ ಬೇರೆಯಲ್ಲ. ಮಡಕಶಿರಾ ಸೀಮೆಯಂತೂ ಕರ್ನಾಟಕದ ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರುಗಳ ನಡುವೆ ಚಾಚಿಕೊಂಡ ನಾಲಿಗೆಯ ಹಾಗಿದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇರುವುದು ಇಲ್ಲಿಯ ಅಮರಾಪುರ ಮಂಡಲದಲ್ಲೇ. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಒಡೆದ ಮೇಲೆ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಮಳೆ ಹೆಚ್ಚಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಸುರಿದರೆ ಅಲ್ಲಿ ಸುಮಾರು 550.

ಆಂಧ್ರದಲ್ಲಿ ಅಗ್ಗದ ಅಕ್ಕಿಗೆ ರಾಜಕೀಯದ ದೊಡ್ಡ ಇತಿಹಾಸವಿದೆ. 1983ರಲ್ಲಿ ಎನ್.ಟಿ. ರಾಮರಾವ್ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಟ್ಟಂದಿನಿಂದ ಅಲ್ಲಿ ಅಕ್ಕಿಯನ್ನು ಮರೆತು ಯಾರೂ ಮತ ಕೇಳಿದ್ದಿಲ್ಲ. ಈಗ ಆಹಾರ ಭದ್ರತಾ ಕಾಯಿದೆಯ ಅಕ್ಕಿಗೆ ದೇಶದಲ್ಲೆಲ್ಲೂ ಬೆಲೆಯಿಲ್ಲ. 2023ರ ಜನವರಿಯಿಂದ ಅದು ಉಚಿತ. ಬೆಲೆಯೇ ಹೋದ ಮೇಲೆ ಸರಕಾರಗಳಿಗೆ ಪೈಪೋಟಿ ನಡೆಸಲು ಉಳಿದದ್ದು ದಾರಿ ಒಂದೇ. 2013ರ ಕಾಯಿದೆಯ ಪ್ರಕಾರ ಧಾನ್ಯವನ್ನು ರೇಶನ್ ಅಂಗಡಿಯ ಬಾಗಿಲಿಗೆ ಮುಟ್ಟಿಸುವುದು ರಾಜ್ಯದ ಹೊಣೆ. ಆಂಧ್ರ ಅದನ್ನು ಮನೆಯ ಬಾಗಿಲಿನ ತನಕ ಎಳೆಯಿತು. ಕರ್ನಾಟಕ ಕೆಲವು ಕಾಲ ಬೇಂಕು ಖಾತೆಯ ತನಕ ಒಯ್ದಿತು. ಕೇರಳ ಅಂಗಡಿಯ ಬಾಗಿಲಲ್ಲೇ ನಿಂತಿತು.

ಬಂಡಿಯ ಏರ್ಪಾಡು ಹೇಗಿತ್ತೆಂದು ನೋಡೋಣ. ಸುಮಾರು 539 ಕೋಟಿ ರೂ. ವೆಚ್ಚದಲ್ಲಿ ಸಣ್ಣ ಟ್ರಕ್ಕುಗಳನ್ನು ತರಿಸಿ, ತೂಕದ ಯಂತ್ರ ಇರಿಸಿ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವರ್ಗಗಳ ನಿರುದ್ಯೋಗಿ ಯುವಕರಿಗೆ ಸಬ್ಸಿಡಿಯಲ್ಲಿ ಕೊಡಲಾಯಿತು. ತಿಂಗಳಿಗೆ 16 ಸಾವಿರ ರೂ. ಎಂದು ಮೊದಲು ಗೊತ್ತುಮಾಡಿದ್ದನ್ನು ಕೂಡಲೇ 21 ಸಾವಿರಕ್ಕೆ ಏರಿಸಲಾಯಿತು: ಬಂಡಿಯ ಬಾಡಿಗೆ 13 ಸಾವಿರ, ಸಹಾಯಕನಿಗೆ 5 ಸಾವಿರ, ಎಣ್ಣೆಗೆ 3 ಸಾವಿರ. ಹೊರಗಿನವರಿಗೆ ಸುಲಭವಾಗಿ ಕಾಣದ ಸಂಗತಿ ಬೇರೆ ಇದೆ. ಬಂಡಿ ಬಂದದ್ದರಿಂದ ರೇಶನ್ ಅಂಗಡಿ ಇಲ್ಲವಾಗಲಿಲ್ಲ. ಮಂಡಲದ ಗೋದಾಮಿನಿಂದ ಲಾರಿಯಲ್ಲಿ ಬಂದ ಅಕ್ಕಿ ಅಂಗಡಿಯಲ್ಲೇ ಇಳಿಯುತ್ತಿತ್ತು. ಬಂಡಿಯವನು ಬೆಳಗ್ಗೆ ಅಲ್ಲಿಂದ ತೂಗಿ ತುಂಬಿಕೊಂಡು, ಸಂಜೆ ಉಳಿದದ್ದನ್ನು ತಂದು ಅಲ್ಲೇ ಒಪ್ಪಿಸಬೇಕಿತ್ತು. ಎಂದರೆ ಸರಪಳಿಯ ಹಳೆಯ ಕೊಂಡಿ ಹಾಗೆಯೇ ಇದ್ದು ಹೊಸದೊಂದು ಕೊಂಡಿ ಸೇರಿತು. ಡೀಲರನಿಗೆ ಕಮಿಷನ್, ಬಂಡಿಯವನಿಗೆ ಬಾಡಿಗೆ, ಒಂದೇ ಅಕ್ಕಿಗೆ ಎರಡು ತೂಕ.

ಇದು ದುಂದೇ? ಲೆಕ್ಕ ಹಾಕೋಣ. 9,260 ಬಂಡಿಗೆ ತಿಂಗಳಿಗೆ 21 ಸಾವಿರದಂತೆ 19 ಕೋಟಿ 44 ಲಕ್ಷ ರೂ., ವರ್ಷಕ್ಕೆ ಸುಮಾರು 233 ಕೋಟಿ. ಕೇಳುವಾಗ ದೊಡ್ಡ ಮೊತ್ತ. ಆದರೆ ರಾಜ್ಯದಲ್ಲಿರುವುದು 1 ಕೋಟಿ 46 ಲಕ್ಷದಷ್ಟು ಕಾರ್ಡುಗಳು. ಭಾಗಿಸಿದರೆ ಒಂದು ಕಾರ್ಡಿಗೆ ತಿಂಗಳಿಗೆ 13 ರೂಪಾಯಿ ಚಿಲ್ಲರೆ. ಮೂರು ಮಂದಿಯ ಮನೆಗೆ 15 ಕಿಲೋ ಎಂದು ಹಿಡಿದರೆ ಕಿಲೋಗೆ ಒಂದು ರೂಪಾಯಿಯೂ ಪೂರ್ತಿ ಆಗುವುದಿಲ್ಲ. ಆಹಾರ ನಿಗಮಕ್ಕೆ ಒಂದು ಕಿಲೋ ಅಕ್ಕಿಯನ್ನು ಕೊಂಡು, ಇಟ್ಟು, ಸಾಗಿಸಲು ತಗಲುವ ವೆಚ್ಚವೇ ಸುಮಾರು 40 ರೂಪಾಯಿ. ಆ ನಲ್ವತ್ತರ ಮೇಲೆ ಇನ್ನೊಂದು ರೂಪಾಯಿ ಹಾಕಿದ್ದರಿಂದ ಬೊಕ್ಕಸ ಬರಿದಾಯಿತೆಂಬ ಮಾತನ್ನು ನಾವು ಒಪ್ಪುವುದಿಲ್ಲ.

ಕೇಳಬೇಕಾದದ್ದು ಆ ಒಂದು ರೂಪಾಯಿಗೆ ಜನರಿಗೆ ಸಿಕ್ಕಿದ್ದೇನು ಎಂದು. ಬಂಡಿ ಮನೆಮನೆಗೆ ಬರುವುದಿಲ್ಲ, ಬೀದಿಯ ಕೊನೆಯಲ್ಲಿ ನಿಂತು ಹೊರಟುಹೋಗುತ್ತದೆ ಎಂಬ ದೂರು ರಾಜ್ಯದ ಎಲ್ಲ ಕಡೆಯಿಂದಲೂ ಬಂತು. ಅಂಗಡಿಯಾದರೆ ನಾವು ಹೋದ ಹೊತ್ತಿಗೆ ಅದು ಅಲ್ಲಿರುತ್ತದೆ; ಬಂಡಿಯಾದರೆ ಅದು ಬಂದ ಹೊತ್ತಿಗೆ ನಾವು ಅಲ್ಲಿರಬೇಕು. ಬೆರಳು ಒತ್ತಬೇಕಾದವರು ಶೇಂಗಾ ಹೊಲದಲ್ಲಿದ್ದರೆ? ರಾಯದುರ್ಗದಲ್ಲಿ ಬಟ್ಟೆ ಹೊಲಿಗೆಯೇ ಸಾವಿರಾರು ಮನೆಗಳ ಕಸುಬು. ಪೀಸಿನ ಲೆಕ್ಕದಲ್ಲಿ ಕೂಲಿ ಸಿಗುವ ಹೊಲಿಗೆಯವಳು ಎರಡು ಗಂಟೆ ಬಂಡಿ ಕಾದರೆ ಅದರ ನಷ್ಟ ಯಾವ ಇಲಾಖೆಯ ಪುಸ್ತಕದಲ್ಲೂ ಏರುವುದಿಲ್ಲ. ಸರಕಾರ ಉಳಿಸಿದ ಅಥವಾ ವ್ಯಯಿಸಿದ 13 ರೂಪಾಯಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಅವಳು ಕಳೆದುಕೊಂಡ ಐವತ್ತೋ ನೂರೋ ಯಾರ ಕಣ್ಣಿಗೂ ಬೀಳುವುದಿಲ್ಲ. ಪೂರೈಕೆಯ ಯೋಜನೆ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಖರ್ಚನ್ನು ಕಡಿಮೆ ಮಾಡಿದೆವೆಂದು ಅವರು ಹೇಳುವಾಗ ಅನೇಕ ವೇಳೆ ಖರ್ಚು ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟಿರುತ್ತದೆ, ಅಷ್ಟೆ.

ಇನ್ನೂ ಒಂದು ದೋಷವಿತ್ತು. ಗೋದಾವರಿ ಮುಖಜಭೂಮಿಯ ಒತ್ತೊತ್ತಾದ ಹಳ್ಳಿಗೂ ಮಡಕಶಿರಾದ ಗುಡ್ಡಗಳ ನಡುವೆ ಚದರಿ ಬಿದ್ದ ಊರುಗಳಿಗೂ ಎಣ್ಣೆಯ ಹಣ ಅದೇ 3 ಸಾವಿರ. ಆ ಹಣಕ್ಕೆ ಹೆಚ್ಚೆಂದರೆ 30 ಲೀಟರು ಡೀಸೆಲ್ ಬಂದೀತು. ಲೀಟರಿಗೆ 12 ಕಿಲೋಮೀಟರು ಹಿಡಿದರೂ ತಿಂಗಳಿಗೆ 360. ಅಗಳಿ, ರೊಳ್ಳ, ಗುಡಿಬಂಡೆಯಂತಹ ಮಂಡಲಗಳಲ್ಲಿ ಊರಿಂದೂರಿಗೆ ತಿರುಗುವವನಿಗೆ ಇದು ಸಾಲುವುದೆಂದು ಹೇಳುವುದು ಕಷ್ಟ. ಹೀಗಿರುವಾಗ ಅವನು ಬೀದಿಯ ಕೊನೆಯಲ್ಲೇ ನಿಂತರೆ ತಪ್ಪು ಅವನದು ಮಾತ್ರವೇ? ಬಯಲಿನಲ್ಲಿ ಹೊಲಿದ ಅಂಗಿಯನ್ನು ಗುಡ್ಡಕ್ಕೆ ತೊಡಿಸಿದ ಕತೆ ಇದು.

ಅಂಗಡಿಗೆ ಮರಳಿದ ಮೇಲೆ ಈಗ ತಿಂಗಳ 1ರಿಂದ 15ರ ತನಕ ಬೆಳಗ್ಗೆ 8ರಿಂದ 12, ಸಂಜೆ 4ರಿಂದ 8 ಎಂದು ವೇಳೆ ಗೊತ್ತುಮಾಡಿದ್ದಾರೆ. 65 ವರ್ಷ ದಾಟಿದವರಿಗೂ ಅಂಗವಿಕಲರಿಗೂ ಮನೆಗೇ ಒಯ್ದು ಕೊಡಬೇಕೆಂಬ ನಿಯಮ ಮಾಡಿದ್ದಾರೆ. ಕೂಲಿಗೆ ಹೋಗುವವರಿಗೆ ಸಂಜೆಯ ನಾಲ್ಕು ಗಂಟೆಗಳ ಅವಧಿ ನಿಜವಾದ ಅನುಕೂಲ. ಎಲ್ಲರ ಬಾಗಿಲಿಗೆ ಹೋಗುತ್ತೇವೆಂದು ಹೇಳಿ ಬೀದಿಯ ಕೊನೆಯಲ್ಲಿ ನಿಲ್ಲುವುದಕ್ಕಿಂತ, ಬರಲಾರದವರ ಬಾಗಿಲಿಗೆ ಮಾತ್ರ ಹೋಗಿ ಉಳಿದವರಿಗೆ ಅಂಗಡಿಯನ್ನು ನೆಟ್ಟಗೆ ತೆರೆದಿಡುವುದು ಮೇಲೆಂದು ನಮ್ಮ ಅಭಿಪ್ರಾಯ. ಆದರೆ ಮನೆಗೆ ಒಯ್ಯುವ ಕೂಲಿ ಡೀಲರನ ಕಮಿಷನಿನಲ್ಲೇ ಅಡಗಿದ್ದರೆ ಆ ನಿಯಮ ಕಾಗದದಲ್ಲೇ ಉಳಿದೀತು. ಒಂದು ಅಂಗಡಿಗೆ ಸರಾಸರಿ ಐನೂರು ಕಾರ್ಡು, ಕಿಲೋಗೆ ಒಂದು ರೂಪಾಯಿಯ ಆಸುಪಾಸಿನ ಕಮಿಷನ್. ತಿಂಗಳಿಗೆ ಏಳೆಂಟು ಸಾವಿರ ಹುಟ್ಟುವ ವ್ಯಾಪಾರದಿಂದ ಅವನು ಯಾರ ಮನೆಗೆ ಎಷ್ಟು ದಿನ ಮೂಟೆ ಹೊತ್ತಾನು? ಬಂಡಿಯನ್ನೇ ನಂಬಿ ಕೈಯಿಂದ ಹಣ ಹಾಕಿದ ಯುವಕರನ್ನು ಈ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಹಚ್ಚಬಹುದಿತ್ತು. ಪೂರ್ತಿ ಓಡಿಸುವುದು ಇಲ್ಲವೆ ಪೂರ್ತಿ ನಿಲ್ಲಿಸುವುದು, ಇವೆರಡರ ನಡುವೆ ದಾರಿಯಿದೆಯೆಂದು ಯಾರಿಗೂ ತೋರದೆ ಹೋದುದು ಸೋಜಿಗ.

ಆ ನಡುವಿನ ದಾರಿಗೆ ಉದಾಹರಣೆ ನಮ್ಮ ಹಿತ್ತಲಲ್ಲೇ ಇದೆ. ಕೇರಳವು 2016ರ ನವೆಂಬರಿನಲ್ಲಿ ಆಹಾರ ಭದ್ರತಾ ಕಾಯಿದೆಯನ್ನು ಜಾರಿಗೆ ತಂದಾಗ ಮಾಡಿದ ಮುಖ್ಯ ಕೆಲಸವೆಂದರೆ ಖಾಸಗಿ ಸಗಟು ವ್ಯಾಪಾರಿಗಳ ಕೊಂಡಿಯನ್ನು ತೆಗೆದುಹಾಕಿ ಸಪ್ಲೈಕೋ ಮೂಲಕ ಅಂಗಡಿಗೆ ನೇರವಾಗಿ ಧಾನ್ಯ ಮುಟ್ಟಿಸಿದ್ದು. ಆಂಧ್ರ ಕೊಂಡಿ ಸೇರಿಸಿತು, ಕೇರಳ ಕಳಚಿತು. ಅಂಗಡಿಗೆ ಬರಲಾರದ ಅಶಕ್ತರಿಗೆ 2023ರಲ್ಲಿ ‘ಒಪ್ಪಂ’ ಎಂಬ ಏರ್ಪಾಡು ಬಂತು. ಆಟೋರಿಕ್ಷಾದವರು ತಮ್ಮ ದಾರಿಯಲ್ಲೇ ಅಕ್ಕಿಯ ಚೀಲವನ್ನು ಇಳಿಸಿ ಹೋಗುತ್ತಾರೆ. ಹೊಸ ವಾಹನವಿಲ್ಲ, ಹೊಸ ಬಣ್ಣವಿಲ್ಲ. ಹಾಗೆಂದು ನಮ್ಮದು ಕುಂದಿಲ್ಲದ ಏರ್ಪಾಡೆಂದು ಬೀಗುವಂತಿಲ್ಲ. 2025ರ ಜನವರಿಯಲ್ಲಿ ಬಾಕಿ ಹಣ ಸಿಗದೆ ಸಾಗಾಟದ ಗುತ್ತಿಗೆದಾರರು ಲಾರಿ ನಿಲ್ಲಿಸಿದಾಗ ಅಂಗಡಿಗಳಲ್ಲಿ ದಾಸ್ತಾನು ಕರಗಿತು. ಅದೇ ತಿಂಗಳು ರೇಶನ್ ವ್ಯಾಪಾರಿಗಳೂ ಮುಷ್ಕರ ಹೂಡಿದರು. ಬಾಳಿಕೆ ಎಂದರೆ ಗಿಡಮರದ ಮಾತು ಮಾತ್ರವಲ್ಲ. ಹೊರುವವನಿಗೆ ಹೊತ್ತಿಗೆ ಸರಿಯಾಗಿ ಹಣ ಸಿಗದ ಸರಪಳಿ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಹರಿಯುತ್ತದೆ.

ಕರ್ನಾಟಕ ಹಿಡಿದ ದಾರಿಯೂ ಇಲ್ಲಿ ನೆನೆಯತಕ್ಕದ್ದು. ಮಡಕಶಿರಾದವರು ಬೆಳಗಾದರೆ ನೋಡುವುದು ಅದನ್ನೇ. 2023ರ ಜುಲಾಯಿಯಲ್ಲಿ, ಅನ್ನಭಾಗ್ಯದ ಹೆಚ್ಚುವರಿ 5 ಕಿಲೋಗೆ ಬೇಕಾದ ಅಕ್ಕಿ ಕೇಂದ್ರದಿಂದ ಸಿಗದೆ ಹೋದಾಗ, ಕಿಲೋಗೆ 34 ರೂ.ನಂತೆ ತಲೆಗೆ 170 ರೂ. ಖಾತೆಗೆ ಹಾಕಿದರು. ಸಾಗಾಟವಿಲ್ಲ, ಗೋದಾಮಿಲ್ಲ, ಸೋರಿಕೆಯಿಲ್ಲ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ನಯವಾದ ದಾರಿಯಿಲ್ಲ. ಆದರೆ ಪೇಟೆಯಲ್ಲಿ ಅಕ್ಕಿಯ ಬೆಲೆ ಏರಿದಂತೆ ಆ 170 ರೂಪಾಯಿಗೆ ಬರುವ ಅಕ್ಕಿ ಕಡಿಮೆಯಾಗುತ್ತದೆ, ಖಾತೆಯಿರುವ ಬೇಂಕು ಎಷ್ಟು ದೂರ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಆಹಾರ ನಿಗಮದ ಅಕ್ಕಿ 22 ರೂ. 50 ಪೈಸೆಗೆ ಸಿಗುವಂತಾದಾಗ 2025ರ ಫೆಬ್ರವರಿಯಿಂದ ಹಣ ನಿಂತು ಅಕ್ಕಿಯೇ ಬಂತು.

ಇನ್ನು ಗುಳೆ ಹೋಗುವವರ ಮಾತು. ಮಳೆ ಕೈಕೊಟ್ಟ ವರ್ಷ ಅನಂತಪುರ ಸೀಮೆಯವರು ಬೆಂಗಳೂರಿಗೆ, ಕೆಲವರು ಕೇರಳದವರೆಗೂ ಹೋಗುತ್ತಾರೆ. ಯಾವ ರಾಜ್ಯದಲ್ಲಾದರೂ ರೇಶನ್ ಪಡೆಯಬಹುದೆಂಬ ‘ಒಂದು ದೇಶ ಒಂದು ರೇಶನ್ ಕಾರ್ಡು’ ಏರ್ಪಾಡಿನ ಮೊದಲ ಪ್ರಯೋಗ ನಡೆದ ರಾಜ್ಯಗಳಲ್ಲಿ ಆಂಧ್ರವೂ ಒಂದು. ಅದು 2019ರ ಆಗಸ್ಟಿನ ಮಾತು. ಆಂಧ್ರದಲ್ಲಿ ರಾಜ್ಯವೇ ಸ್ವಂತ ಖರ್ಚಿನಿಂದ ಕೊಟ್ಟ ಕಾರ್ಡುಗಳೂ ಬಹಳವಿವೆ. ಅವಕ್ಕೆ ಗಡಿಯ ಆಚೆ ಈ ಸೌಲಭ್ಯವಿಲ್ಲ. ಯಾವ ಕಾರ್ಡು ಯಾವ ಬಗೆಯದೆಂಬುದು ಬೆಂಗಳೂರಿನ ಅಂಗಡಿಯ ಮುಂದೆ ಯಂತ್ರ ಬೇಡವೆಂದ ಮೇಲಷ್ಟೆ ಗೊತ್ತಾಗುವುದಾದರೆ, ಊರಿಗೆ ಎಷ್ಟು ಬಂಡಿ ಬಂದರೂ ಆ ಸಂಸಾರಕ್ಕೆ ಏನು ಪ್ರಯೋಜನ?

ಇಷ್ಟೆಲ್ಲ ಹೇಳಿದರೂ ನಾವು ಇನ್ನೂ ದಾರಿಯ ಕೊನೆಯ ಅರ್ಧ ಮೈಲಿಯನ್ನೇ ನೋಡಿದ್ದೇವೆ. ಮೊದಲ ನಾನ್ನೂರು ಐನೂರು ಮೈಲಿಯ ಕತೆ ಇನ್ನೂ ಇದೆ.

ಮಡಕಶಿರಾದ ಜನ ರಾಗಿ ಮುದ್ದೆಯವರು. ರಾಯದುರ್ಗದ ಕಡೆ ಜೋಳ, ರಾಗಿ, ಕೊರಲೆ, ನವಣೆಗಳ ಸೀಮೆ. ಕಣೇಕಲ್ಲು, ಬೊಮ್ಮನಹಾಳುಗಳಲ್ಲಿ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ಕೆಳಗೆ ಭತ್ತವಾಗುವುದು ನಿಜ, ಆದರೆ ಅದು ಸೀಮೆಯ ಒಂದು ಮೂಲೆ. ಉಳಿದ ಕಡೆಗೆ ರೇಶನಿನ ಅಕ್ಕಿ ಬರಬೇಕಾದುದು ನೀರಾವರಿಯ ದೂರದ ಜಿಲ್ಲೆಗಳಿಂದ. ನಮ್ಮ ಪೇಟೆಗಳಲ್ಲಿ ‘ಜಯ’ ಎಂಬ ಹೆಸರಿನಿಂದ ಮಾರಾಟವಾಗುವ ಅಕ್ಕಿಯೂ ಗೋದಾವರಿ ತೀರದ್ದೇ. ಆ ಮಟ್ಟಿಗೆ ಮಡಕಶಿರಾದವರೂ ನಾವೂ ಒಂದೇ ಪಂಕ್ತಿಯಲ್ಲಿ ಉಣ್ಣುವವರು.

ಉಚಿತವಾಗಿ ಸಿಕ್ಕಿದ ಅಕ್ಕಿಯನ್ನು ಉಣ್ಣದವರು ಏನು ಮಾಡುತ್ತಾರೆ? ಕಿಲೋಗೆ ಹತ್ತು ಹದಿನೈದು ರೂಪಾಯಿಗೆ ದಲ್ಲಾಳಿಗೆ ಮಾರುತ್ತಾರೆ. ಅದು ಮಿಲ್ಲಿನಲ್ಲಿ ಪಾಲಿಶ್ ಆಗಿ ಬೇರೆ ಹೆಸರಿನಲ್ಲಿ ಮತ್ತೆ ಪೇಟೆಗೋ ಬಂದರಿಗೋ ಹೋಗುತ್ತದೆ. 2024ರ ನವೆಂಬರಿನಲ್ಲಿ ಕಾಕಿನಾಡ ಬಂದರಿನ ಹಡಗೊಂದರಲ್ಲಿ ರೇಶನ್ ಅಕ್ಕಿ ಸಿಕ್ಕಿ ಉಪಮುಖ್ಯಮಂತ್ರಿಯೇ ಹಡಗಿನ ಬಳಿಗೆ ಹೋದ ಪ್ರಕರಣವನ್ನು ವಾಚಕರು ಓದಿರಬಹುದು. ಈ ಸೋರಿಕೆಗೆ ಬಂಡಿಯೇ ಕಾರಣವೆಂದು ಹೊಸ ಸರಕಾರ ಹೇಳಿತು. ಬಂಡಿ ಸೋರಿರಲೂಬಹುದು. ಆದರೆ ಬಾಯಿಗೆ ಹಿಡಿಸದ ಧಾನ್ಯವನ್ನು ಬಂಡಿಯಲ್ಲಿ ತಂದರೂ ಅಂಗಡಿಯಲ್ಲಿ ಇಟ್ಟರೂ ಅದು ಹೊರಗೆ ಹರಿದೇ ಹರಿಯುತ್ತದೆ. 40 ರೂಪಾಯಿ ಸುರಿದು ತಂದದ್ದು ಹನ್ನೆರಡು ರೂಪಾಯಿಗೆ ಕೈಬದಲಾದರೆ ಕಿಲೋಗೆ 28 ರೂಪಾಯಿಯ ನಷ್ಟ. ಬಂಡಿಯ ಒಂದು ರೂಪಾಯಿಗಾಗಿ ಇಷ್ಟು ರಂಪವಾದಾಗ ಈ ಇಪ್ಪತ್ತೆಂಟರ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

2023ರಲ್ಲಿ ರಾಯಲಸೀಮೆಯಲ್ಲಿ ಅಕ್ಕಿಯ ಒಂದು ಭಾಗಕ್ಕೆ ಬದಲಾಗಿ ರಾಗಿ ಕೊಡುವ ಏರ್ಪಾಡು ಆರಂಭವಾಯಿತು. ಒಳ್ಳೆಯದೇ. ಅದು ಹಿರಿದಾಗದಿರುವುದಕ್ಕೆ ಲೆಕ್ಕದ ಕಾರಣವಿದೆ. 2025-26ರ ಹಂಗಾಮಿಗೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ ಭತ್ತಕ್ಕೆ 2,369 ರೂ., ರಾಗಿಗೆ 4,886 ರೂ. ಕ್ವಿಂಟಲು ಭತ್ತದಿಂದ 67 ಕಿಲೋ ಅಕ್ಕಿಯೆಂದರೆ ಕಿಲೋ ಅಕ್ಕಿಗೆ 35 ರೂಪಾಯಿ ಚಿಲ್ಲರೆ. ರಾಗಿಗೆ 48 ರೂ. 86 ಪೈಸೆ. ಪುಸ್ತಕ ನೋಡಿದ ಅಧಿಕಾರಿ ಅಕ್ಕಿಯೇ ಅಗ್ಗವೆನ್ನುತ್ತಾನೆ. ಆ ಅಕ್ಕಿಯ ಹಿಂದಿರುವ ಅಣೆಕಟ್ಟಿನ ನೀರು, ಪಂಪಿನ ವಿದ್ಯುತ್ತು, ಗೊಬ್ಬರದ ಸಬ್ಸಿಡಿ, ನೂರಾರು ಮೈಲಿಯ ಡೀಸೆಲ್ ಬೇರೆ ಬೇರೆ ಇಲಾಖೆಗಳ ಪುಸ್ತಕದಲ್ಲಿರುತ್ತವೆ. ರಾಗಿ 550 ಮಿಲಿಮೀಟರು ಮಳೆಯಲ್ಲೇ ಬೆಳೆಯುತ್ತದೆ, ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯುವುದಿಲ್ಲ, ಅದಕ್ಕೆ ಮಂಡಲದ ಗೋದಾಮಿನಿಂದ ಆಚೆಗೆ ಪ್ರಯಾಣವೇ ಬೇಡ. ಶೇಂಗಾದ ಆಸೆಗೆ ರಾಗಿ, ನವಣೆಗಳನ್ನು ಬಿಟ್ಟು ಬರಗಾಲದಲ್ಲಿ ಸಾಲಕ್ಕೆ ಸಿಕ್ಕಿಬಿದ್ದ ಆ ಸೀಮೆಯ ರೈತನಿಗೆ ಸರಕಾರವೇ ಖಾಯಂ ಗಿರಾಕಿಯಾದರೆ ಹೊಲದ ಸ್ವರೂಪವೇ ಬದಲಾದೀತು.

ಗಡಿ ಅಡ್ಡ ಬರುವುದೂ ಇಲ್ಲೇ. ಪಕ್ಕದ ತುಮಕೂರು ಜಿಲ್ಲೆಯಲ್ಲಿ ಕರ್ನಾಟಕ ಸರಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ರೇಶನಿಗೆ ಕೊಡುತ್ತದೆ. ಅಗಳಿಯ ರೈತನಿಗೆ ಶಿರಾದ ಖರೀದಿ ಕೇಂದ್ರ ಹತ್ತಿರ, ಮಾತೂ ಒಂದೇ. ಆದರೆ ಅಲ್ಲಿ ಹೆಸರು ನೋಂದಾಯಿಸಲು ಕರ್ನಾಟಕದ ಪಹಣಿಗೆ ಜೋಡಿಸಿದ ರೈತರ ಗುರುತಿನ ಸಂಖ್ಯೆ ಬೇಕು, ಅದು ಅವನಲ್ಲಿಲ್ಲ. ಅವನ ರಾಗಿಯನ್ನು ಕೊಳ್ಳಬೇಕಾದುದು ಆಂಧ್ರ ಸರಕಾರವೇ.

ಇಂತಹ ಸೀಮೆಗಳಲ್ಲಿ ಅನುಕೂಲ ಎಂಬುದರಲ್ಲಿ ಭಾಷೆಯೂ ಸೇರುತ್ತದೆ. ದಾಸ್ತಾನು ಎಷ್ಟಿದೆ, ತಲೆಗೆ ಎಷ್ಟು ಸಲ್ಲುತ್ತದೆ, ಅಂಗಡಿ ಎಂದು ತೆರೆದಿರುತ್ತದೆ, ದೂರು ಯಾರಿಗೆ ಎಂಬುದನ್ನು ಅಂಗಡಿಯ ಹಲಗೆಯಲ್ಲಿ ಬರೆಯಬೇಕೆಂದು ಕೇಂದ್ರದ 2015ರ ರೇಶನ್ ನಿಯಂತ್ರಣ ಆಜ್ಞೆ ಹೇಳುತ್ತದೆ. ಓದಲು ಬಾರದ ಲಿಪಿಯಲ್ಲಿ ಬರೆದರೆ ಹಲಗೆ ಇದ್ದೂ ಇಲ್ಲದಂತೆ. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂಬ ಸಲಹೆ 1956ರ ಕೇಂದ್ರ ಸರಕಾರದ ಜ್ಞಾಪನಪತ್ರದಲ್ಲೇ ಇದೆ. ಹಲಗೆಗೆ ಕನ್ನಡದ ನಾಲ್ಕು ಸಾಲು ಸೇರಿಸಲು 539 ಕೋಟಿ ಬೇಡ. ಈ ಮಾತು ಅಮರಾಪುರಕ್ಕೆ ಎಷ್ಟು ಸಲ್ಲುತ್ತದೋ ಮಂಜೇಶ್ವರಕ್ಕೂ ಅಷ್ಟೇ ಸಲ್ಲುತ್ತದೆ.

ಮುಂಗಾರಿನ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ದಶಂಬರಿನಲ್ಲಿ. ಖರೀದಿ ಕೇಂದ್ರವನ್ನು ಅಮರಾಪುರದಲ್ಲೋ ಅಗಳಿಯಲ್ಲೋ ತೆರೆಯುವುದಾದರೆ ಅದನ್ನು ಬಿತ್ತನೆಗೆ ಮುಂಚೆಯೇ ಸಾರಬೇಕು. ಕಣದಲ್ಲಿ ರಾಶಿಯಾದ ಮೇಲೆ ಸಾರಿದರೆ ಅಷ್ಟರಲ್ಲಿ ಅದು ದಲ್ಲಾಳಿಯ ಚೀಲ ಸೇರಿರುತ್ತದೆ.